ರಫು ಮಾಡಿದ ಅಂಗಿ

"ಹಲ್ಕಾ ಮುಂಡೇದೆ, ಇದೇನು ರಫುನೋ, ಹುಣ್ಣಿಗೆ ಕಟ್ಟಿದ ಪಟ್ಟಿನೋ?" ಮೇಸ್ತ್ರಿ ಅಂಗಿಯನ್ನು ಹುಡುಗಿಯ ಮುಖಕ್ಕೆ ಎಸೆದ. "ತೂತಿತ್ತು ಅಂತ ಹಾಕ್ಕೊಳ್ಳೋನಿಗೆ ಗೊತ್ತಾಗಬಾರದು."

ಯುದ್ಧದಲ್ಲಿ ಸತ್ತವರ ಅಂಗಿಗಳು ಮೂಟೆಗಟ್ಟಲೆ ಈ ಶೆಡ್ಡಿಗೆ ಬರುತ್ತಿದ್ದವು. ಒಗೆದು, ಗುಂಡು ಹೊಕ್ಕ ಜಾಗ ರಫು ಮಾಡಿ, ಇಸ್ತ್ರಿ ತಿಕ್ಕಿದರೆ ಮುಗಿಯಿತು, ಸೈನ್ಯಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ಹೊಸ ಅಂಗಿ. ಈ ಸಂಗತಿ ಮನೆಯಲ್ಲೂ ಬಾಯಿ ಬಿಡುವಂತಿರಲಿಲ್ಲ, ಬಿಟ್ಟರೆ ಅನ್ನಕ್ಕೆ ಕಲ್ಲು. ಹದಿನಾರರ ಆ ಹುಡುಗಿಯ ಕೈ ಅಂದರೆ ಕೈ. ಅದೇ ಅಂಗಿಯ ಒಳಮಡಿಕೆಯಿಂದ ಎಳೆ ಕಿತ್ತು ತುಂಬಿದಳೆಂದರೆ, ತೂತನ್ನು ಅವಳೇ ಬೆರಳಾಡಿಸಿ ಹುಡುಕಬೇಕು. ಇವತ್ತು ಮಾತ್ರ ಎಳೆ ತಪ್ಪುತ್ತಿತ್ತು. ನಾಳೆ ಅಣ್ಣ ಯುದ್ಧಕ್ಕೆ ಹೊರಡುತ್ತಾನೆ.

ಸೈನ್ಯದ ಕರೆ ಬಂದದ್ದು ಶೆಡ್ಡಿನ ಧಣಿಯ ಮಗನಿಗೆ. ಅವನ ಬದಲಿಗೆ ಅಣ್ಣನ ಹೆಸರು ಬರೆಸಿದವನು ಅಪ್ಪ. ಒಲ್ಲೆನೆಂದರೆ ಧಣಿ ಕೊಟ್ಟ ಕೋಣೆ ಬಿಡಬೇಕಿತ್ತು.

"ಹೆತ್ತ ಮಗನ್ನ ಮಾರ್ಕೊಂಡ್ಯಲ್ಲ," ಸಂಜೆ ಅಮ್ಮ ಅಂದಳು.

"ಎಲ್ರೂ ಬೀದಿಪಾಲಾಗೋದಕ್ಕಿಂತ ಒಬ್ಬ ಹೋಗ್ಬರಲಿ ಅಂದೆ. ನನಗೇನು ಕರುಳಿಲ್ವಾ?" ಅಪ್ಪ ಗೋಡೆ ನೋಡುತ್ತ ಹೇಳಿದ.

ಹೋದವರು ಬರುವುದಿಲ್ಲ, ಅಂಗಿಯಷ್ಟೇ ಬರುತ್ತದೆ ಅನ್ನುವ ಮಾತು ಹುಡುಗಿಯ ನಾಲಗೆ ತುದಿಗೆ ಬಂದಿತ್ತು.

ಬೆಳಿಗ್ಗೆ ಶೆಡ್ಡಿನ ಮುಂದೆ ಲಾರಿ, ಸಿಪಾಯಿಗಳು, ಅಂಗಿ ತೊಟ್ಟ ಹುಡುಗರ ಸಾಲು. ಬೀಳ್ಕೊಡಲು ಅಪ್ಪ ಅಮ್ಮನೂ ಬಂದಿದ್ದರು. ಹುಟ್ಟಿದಾಗಿನಿಂದ ಅಪ್ಪನ ಹಳೇ ಬಟ್ಟೆಯಲ್ಲೇ ಬೆಳೆದ ಅಣ್ಣ ಹಲ್ಲು ಬಿಡುತ್ತ ಬಂದ. "ನೋಡೇ, ಹೊಸ ಅಂಗಿ. ಹೆಂಗೆ ಗರಿಗರಿ ಇದೆ."

ಕಾಲರು ಸರಿಮಾಡಿ ಎದೆ ಸವರಿದವಳ ಬೆರಳು ಎಡಜೇಬಿನ ಕೆಳಗೆ ತಡೆದು ನಿಂತಿತು. ತನ್ನದೇ ಕೆಲಸ.

"ಹೊಸದಲ್ಲ ಅಣ್ಣ. ಸತ್ತವನದು. ಗುಂಡು ಇಲ್ಲೇ ಹೊಕ್ಕಿತ್ತು. ನಾನೇ ಮುಚ್ಚಿದ್ದು."

ಸಾಲಿನಲ್ಲಿದ್ದವರು ಒಬ್ಬೊಬ್ಬರಾಗಿ ತಮ್ಮ ಎದೆ ತಡವಿ ನೋಡಿಕೊಂಡರು. ಅಣ್ಣ ಗುಂಡಿ ಬಿಚ್ಚಿದ. ಅಂಗಿಯನ್ನು ಅಪ್ಪನ ಕೈಗಿಟ್ಟ.

"ಧಣಿ ಮಗನಿಗೆ ಕೊಡು. ಅವನ ಅಳತೇನೇ."

ಸಿಪಾಯಿಗಳು ಅವನನ್ನು ಬರಿಮೈಯಲ್ಲೇ ಎಳೆದು ಲಾರಿಗೆ ದಬ್ಬಿದರು. ಅಮ್ಮ ಲಾರಿಯ ಹಿಂದೆ ಓಡಿ ಮುಗ್ಗರಿಸಿ ಬಿದ್ದಳು. ಎತ್ತಲು ಹೋದ ಅಪ್ಪನ ಕೈಯನ್ನು ಒದರಿಹಾಕಿದಳು.

"ನಿನ್ನ ನಾಲಗೆ ಸೀಳ್ತೀನಿ, ಬೋಸುಡಿ," ಮೇಸ್ತ್ರಿ ಅಪ್ಪನ ಕೈಯಿಂದ ಆ ಅಂಗಿ ಕಿತ್ತು ಹುಡುಗಿಯ ಮುಂದೆ ಬಿಸಾಕಿದ. "ಮಡಚಿಡು. ಇನ್ನೊಬ್ಬನಿಗೆ ಆಗುತ್ತೆ."

ಅವಳು ಅಳುತ್ತಲೇ ಇಸ್ತ್ರಿಯಾದ ಅಂಗಿಗಳ ರಾಶಿಯ ಮುಂದೆ ಕೂತಳು. ಕತ್ತರಿ ಎತ್ತಿಕೊಂಡು, ಎರಡು ವರ್ಷದಿಂದ ತೂತು ಮುಚ್ಚುತ್ತ ಬಂದ ಕೈಯಿಂದಲೇ ಒಂದೊಂದೇ ರಫು ಬಿಚ್ಚತೊಡಗಿದಳು.