ಹಂಚಿದವಳ ಪಾಲು

ಚಟ್ಟಕ್ಕೆ ಕೊಟ್ಟ ಹೆಗಲನ್ನು ಕಿತ್ತುಕೊಂಡು ತಾನಾಜಿ ಕುರಿದೊಡ್ಡಿಯ ಬಾಗಿಲಿಗೆ ಅಡ್ಡ ನಿಂತುಬಿಟ್ಟ.

“ಮೊದ್ಲ ಕುರಿ ಪಾಲಾಗ್ಲಿ, ಆಮ್ಯಾಲ ಮಣ್ಣು. ಹಿಂದ ಅಪ್ಪನ ಮಣ್ಣು ಮಾಡಿ ಬರೂದ್ರಾಗ ಚಲೋ ಚಲೋ ಕುರಿ ಎಲ್ಲಾ ಅಣ್ಣನ ದೊಡ್ಡ್ಯಾಗಿದ್ದೂ.”

“ಅವ್ವನ ಹೆಣದ ಮುಂದ ಏನ ಮಾತಾಡ್ತಿಯೋ!” ಅಣ್ಣ ಅಮೋಗಸಿದ್ದ ಹಲ್ಲು ಕಡಿದ.

ಸೋಮನಿಂಗಪ್ಪ ಕಾಕಾ ಬಿಸಿಲು ನೋಡಿದರು. “ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕ್ರಪಾ. ನಿಮ್ಮವ್ವ ಹಣಮವ್ವ ಹಂಚತಿದ್ದಂಗ ಹಂಚಿಬಿಡ್ರಿ. ಸಂಗವ್ವಾ, ನೀ ಬಾರವಾ. ನಿನ್ನ ಕೈಮ್ಯಾಲ ಇಬ್ಬರಿಗೂ ನಂಬಿಕಿ ಐತಿ.”

ನೆಲಕ್ಕಿಳಿಸಿದ ಚಟ್ಟದ ಪಕ್ಕ, ಅವ್ವನ ತಲೆಯ ಬಳಿ ಕೂತಿದ್ದ ಸಂಗವ್ವ ಎದ್ದಳು. ಗಂಡ ಸತ್ತ ಮೇಲೆ ತವರಿಗೆ ಬಂದು ಅವ್ವನ ಜೊತೆ ಈ ಕುರಿ ಮೇಯಿಸಿದವಳು ಅವಳೇ. ಪಾಲಿನ ಮಾತಿನಲ್ಲಿ ಮಾತ್ರ ಅವಳ ಸುದ್ದಿಯೇ ಇಲ್ಲ. ಕುರಿ ಹೋದರೆ ನಾಳೆಯಿಂದ ಅಣ್ಣ ತಮ್ಮನ ಹೆಂಡಂದಿರ ಬಾಗಿಲಲ್ಲಿ ರೊಟ್ಟಿಗೆ ಕಾಯಬೇಕು. ಆ ಹೆದರಿಕೆಗೆ ಅವಳ ಅಳುವೂ ಬತ್ತಿಹೋಗಿತ್ತು.

*

“ಅವ್ವಾ, ಸಾಲ್ಯಾಗ ಭಾಗಾಕಾರ ಬರವಲ್ದು,” ಎಂದು ಪುಟ್ಟ ಸಂಗವ್ವ ಪಾಟಿ ಎಸೆದಿದ್ದಳು.

ಹಣಮವ್ವ ಉಡಿಯೊಳಗಿನ ಶೇಂಗಾ ನೆಲಕ್ಕೆ ಸುರಿದಳು. “ನೀವು ಮೂರು ಮಂದಿ. ಮೂರು ಮೂರು ತಗೀತಾ ಹೋಗು, ಒಬ್ಬೊಬ್ಬರಿಗಿ ಒಂದೊಂದು. ಮೂರು ಸಿಗದಂಗಾದಾಗ ನಿಲ್ಲು.”

“ಉಳಿದದ್ದು?”

“ಹಂಚಿದಾಕಿಂದು!” ಅವ್ವ ನಗುತ್ತ ಉಳಿದ ಶೇಂಗಾ ಬಾಯಿಗೆ ಹಾಕಿಕೊಂಡಿದ್ದಳು. ಅಣ್ಣ ತಮ್ಮ ಇಬ್ಬರೂ ಹೋ ಎಂದು ಜಗಳ ತೆಗೆದಿದ್ದರು.

*

ಸಂಗವ್ವ ಬಾಗಿಲು ತೆಗೆದಳು. ಒಂದು ಕುರಿಯನ್ನು ಬೇವಿನ ಮರದತ್ತ, ಅಣ್ಣನ ಕಡೆ ಬಿಟ್ಟಳು. ಇನ್ನೊಂದನ್ನು ಗೋಡೆಯತ್ತ, ತಮ್ಮನ ಕಡೆ. ಮೂರನೆಯದನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು. ಮತ್ತೆ ಒಂದು, ಒಂದು, ಒಂದು.

“ಮೂರನೇದು ಯಾರದು?” ಅಮೋಗಸಿದ್ದನ ದನಿ ಏರಿತು.

“ನಂದು.”

“ಪಾಲು ಇಬ್ಬರಿಗಿ!”

“ಅವ್ವ ಎಂದಾದ್ರೂ ಇಬ್ಬರಿಗೇ ಹಂಚ್ಯಾಳೇನಣ್ಣ?”

ಸಂಗವ್ವ ಬಾಗಿಲು ಬಿಡಲಿಲ್ಲ. ತಾನಾಜಿ ಅಕ್ಕನನ್ನು ದುರುಗುಟ್ಟಿ ನೋಡಿದ. ಆಮೇಲೆ ಕೈಗೆ ಸಿಕ್ಕ ಕುರಿಯೊಂದನ್ನು ತಾನೇ ಅವಳ ಕಡೆ ದೂಡಿದ. ಅದು ಅಕ್ಕನ ಮೇಲಿನ ಅಂತಃಕರಣವೋ ಅಣ್ಣನ ಮೇಲಿನ ಸಿಟ್ಟೋ ಅವಳಿಗೆ ತಿಳಿಯಲಿಲ್ಲ.

ಮೂರು ಮೂರಾಗಿ ದೊಡ್ಡಿ ಬರಿದಾಗುತ್ತ ಬಂತು. ಕೊನೆಗೆ ಉಳಿದದ್ದು ಎರಡೇ: ಅವ್ವನ ಮುದ್ದಿನ ಕುಂಟ ಕುರಿ, ಅದರ ಮರಿ.

ಅಮೋಗಸಿದ್ದ ದಾಪುಗಾಲು ಹಾಕಿ ಬಂದು ಬಾಗಿಲಿಗೆ ಕೈ ಹಾಕಿದ. ತಾನಾಜಿ ಮುಷ್ಟಿ ಬಿಗಿದ. ಅಣ್ಣ ಬಾಗಿಲು ಎಳೆದು ಅಗಳಿ ಹಾಕಿದ.

“ಉಳಿದದ್ದು ಹಂಚಿದಾಕಿಂದು,” ಎಂದ, ತಂಗಿಯ ಮುಖ ನೋಡದೆ.

ಅಣ್ಣ ತಮ್ಮ ಇಬ್ಬರೂ ಹೆಗಲು ಕೊಟ್ಟರು. ಚಟ್ಟ ಎದ್ದಿತು, ಸಂಗವ್ವ ಹಿಂದೆ ನಡೆದಳು. ದಿನವೂ ಅವಳ ಹೆಜ್ಜೆ ಹಿಡಿದೇ ಹೋಗುತ್ತಿದ್ದ ಕುರಿಗಳು ಬೇವಿನ ಮರದಡಿಯಿಂದ, ಗೋಡೆಯ ಬದಿಯಿಂದ ಹೊರಟು ಒಂದೇ ಹಿಂಡಾಗಿ ಅವಳ ಬೆನ್ನು ಹತ್ತಿದವು. ತಾನಾಜಿ ಒಮ್ಮೆ ತಿರುಗಿ ನೋಡಿದ, ಹೆಗಲು ತೆಗೆಯಲಿಲ್ಲ.