ಹತ್ತುವ ಗಾಡಿಗೆ ದಾರಿ

ನಾನು ಒಂದು ಜೀಪು. ದೂರದ ಕಾರ್ಖಾನೆಯಲ್ಲಿ ತಗಡು ಬಗ್ಗಿಸಿ, ಬೆಸುಗೆ ಹಾಕಿ, ಹಸಿರು ಬಣ್ಣ ಬಳಿದು ನನ್ನನ್ನು ಬಿಸಿಲಿಗೆ ತಂದು ನಿಲ್ಲಿಸಿದ ದಿನವೇ ಹೊಟ್ಟೆಕಿಚ್ಚು ಎಂದರೇನೆಂದು ನನಗೆ ಗೊತ್ತಾಯಿತು. ಪಕ್ಕದ ಸಾಲಿನಲ್ಲಿ ಕಾರುಗಳಿದ್ದವು. ಅವುಗಳ ಬಾಗಿಲು ಮುಚ್ಚಿದರೆ ಮೆತ್ತಗೆ ‘ದಪ್’ ಎನ್ನುತ್ತಿತ್ತು. ನನ್ನ ಬಾಗಿಲು ಮುಚ್ಚಿದರೆ ಪಾತ್ರೆ ಅಂಗಡಿಯಲ್ಲಿ ತಟ್ಟೆಗಳ ಅಟ್ಟಿ ಉರುಳಿದ ಸದ್ದು.

ನನ್ನನ್ನು ರೂಪಿಸಿದವರು ದೊಡ್ಡ ಸಂಗತಿಗಳನ್ನೆಲ್ಲ ಚೆನ್ನಾಗಿಯೇ ಯೋಚಿಸಿದ್ದರು. ಬಂಡೆ ಹತ್ತುವ ಚಕ್ರ ಕೊಟ್ಟರು, ಹಳ್ಳ ದಾಟುವ ಎತ್ತರ ಕೊಟ್ಟರು. ಸಣ್ಣ ಸಂಗತಿಗಳಿಗೆ ಬರುವಷ್ಟರಲ್ಲಿ ಅವರಿಗೆ ಊಟದ ಹೊತ್ತಾಗಿತ್ತೋ ಏನೋ. ಕಿಟಕಿ ಗಾಜು ಇಳಿಸುವ ಹಿಡಿಯನ್ನು ಸರಿಯಾಗಿ ಡ್ರೈವರನ ಮೊಣಕಾಲು ಬರುವಲ್ಲೇ ಕೂರಿಸಿದರು. ಹ್ಯಾಂಡ್‌ಬ್ರೇಕನ್ನು ಎಷ್ಟು ಒಳಗೆ ಇಟ್ಟರೆಂದರೆ, ಅದನ್ನು ಎಳೆಯುವವನ ಹಣೆ ಸ್ಟೇರಿಂಗಿಗೆ ತಾಗುತ್ತಿತ್ತು. ವೈಪರು ಗಾಜನ್ನೆಲ್ಲ ಒರೆಸಿ, ಡ್ರೈವರನ ಕಣ್ಣೆದುರಿನ ಅಂಗೈಯಗಲ ಜಾಗವನ್ನು ಮಾತ್ರ ಹಾಗೇ ಬಿಡುತ್ತಿತ್ತು. ಸೀಟು ಹಿಂದೆ ಮುಂದೆ ಸರಿಯುತ್ತಿರಲಿಲ್ಲ. ಮಳೆ ಬಂದರೆ ಚಾವಣಿಯ ಅಂಚಿನಲ್ಲಿ ನೀರು ನಿಂತು, ಮೊದಲ ಸಲ ಬ್ರೇಕ್ ಹಾಕಿದಾಗ ಒಟ್ಟಿಗೇ ತೊಡೆಯ ಮೇಲೆ ಸುರಿಯುತ್ತಿತ್ತು.

ಆ ನೀರಿನಿಂದಲೇ ನನ್ನ ಮೊದಲ ಯಜಮಾನ ನನ್ನ ಕೈಬಿಟ್ಟ. ಅವನು ಚಿತ್ರದುರ್ಗದ ಕಲ್ಲು ಕ್ವಾರಿಯ ಚಂದ್ರಮೌಳಿ. ನನ್ನ ಬಾನೆಟ್ಟಿಗೆ ಒರಗಿ ಫೋಟೊ ತೆಗೆಸಿಕೊಂಡವನು. ಒಂದು ಮದುವೆಗೆ ಬಿಳಿ ಪಂಚೆ ಉಟ್ಟು ಹೊರಟಿದ್ದಾಗ ಛತ್ರದ ಮುಂದೆಯೇ ತೊಡೆ ತೋಯಿಸಿಕೊಂಡ. ನೋಡಿದವರು ಬೇರೇನೋ ತಿಳಿದು ನಕ್ಕರು. ಮರುವಾರ ಅವನ ಅಂಗಳಕ್ಕೆ ಕಾರು ಬಂತು, ನಾನು ಹೊರಬಿದ್ದೆ.

ನನ್ನನ್ನು ಕೊಂಡವನು ಕರಿಬಂಡೆಹಟ್ಟಿಯ ಪಾಲಯ್ಯ. ಆ ಹಟ್ಟಿಯ ಹಿಂದಿನ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಂತಿವೆ. ಅವುಗಳ ರಿಪೇರಿಗೆ ಬರುವ ಇಂಜಿನಿಯರುಗಳನ್ನೂ ಕೆಲಸಗಾರರನ್ನೂ ಮೇಲಕ್ಕೆ ಕರೆದೊಯ್ಯುವುದು ಪಾಲಯ್ಯನ ಕೆಲಸ. ದಾರಿ ಅಂದರೆ ಕಲ್ಲು, ಕೊರಕಲು, ಮುಳ್ಳಿನ ಪೊದೆ ಅಷ್ಟೆ.

ಪಾಲಯ್ಯ ನೀಳಕಾಯದ ಮನುಷ್ಯ. ಸರಿಯದ ನನ್ನ ಸೀಟು ಅವನಿಗೆಂದೇ ಅಳತೆ ತೆಗೆದು ಮಾಡಿದ ಹಾಗಿತ್ತು. ನನ್ನ ಒಂದೊಂದು ಕೊರತೆಯನ್ನೂ ಅವನು ಬೈಯುತ್ತ ಬೈಯುತ್ತಲೇ ಸರಿಮಾಡಿದ. ಕಿಟಕಿಯ ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ. ಚಾವಣಿಯ ಅಂಚಿಗೆ ತೂತು ಕೊರೆದು ನೀರು ಹಿಂದಕ್ಕೆ ಹರಿಯುವಂತೆ ಪೈಪು ಕೂರಿಸಿದ. ಬೆಳಿಗ್ಗೆ ಎದ್ದವನು ಮುಖ ತೊಳೆಯುವ ಮೊದಲು ನನ್ನ ಸುತ್ತ ಒಂದು ಸುತ್ತು ಬರುತ್ತಿದ್ದ.

ಇದನ್ನು ನೋಡಿ ಉರಿದುಕೊಳ್ಳುತ್ತಿದ್ದವಳು ಅವನ ಹೆಂಡತಿ ಮಾರಕ್ಕ. ಮನೆಯ ಮುಂದಿನ ಚಪ್ಪರದಲ್ಲಿ ಅವಳ ಖಾನಾವಳಿ. ಗುಡ್ಡದ ಮೇಲಿನವರಿಗೆ ಮಧ್ಯಾಹ್ನದ ಮುದ್ದೆ, ಅನ್ನ, ಸಾರು ಅವಳ ಒಲೆಯಿಂದಲೇ ಹೋಗಬೇಕು.

“ಬಚ್ಚಲ ಬಾಗ್ಲು ಕಿತ್ಕಂಡು ಬಂದು ಯಾವ ಕಾಲಾತು. ಅದ್ನ ನೋಡಾಕೆ ನಿಂಗೆ ಪುರುಸೊತ್ತಿಲ್ಲ. ಇದ್ರ ಬಾಗ್ಲು ಮಾತ್ರ ದಿನಾ ಸವರ್ತಾ ಕುಂತಿರ್ತೀಯ” ಎನ್ನುತ್ತಿದ್ದಳು.

“ಇದು ಅನ್ನ ಹಾಕ್ತೈತೆ ಕಣೇ.”

“ಹಂಗಾದ್ರೆ ನಾನೇನು ಮಣ್ಣು ಹಾಕ್ತೀನಾ?”

ಸಾರಿನ ಕೊಳಗವನ್ನು ಪಾದಗಳ ನಡುವೆ ಒತ್ತಿ ಹಿಡಿದು ಅವಳು ನನ್ನ ಎಡಸೀಟಿನಲ್ಲಿ ಕೂರುತ್ತಿದ್ದಳು. ಅಲ್ಲಿ ಹಿಡಿದುಕೊಳ್ಳಲು ಹಿಡಿಯಿಲ್ಲ. ಹತ್ತಲು ಮೆಟ್ಟಿಲೂ ಇಲ್ಲ, ಸೀರೆ ಎತ್ತಿ ಕಟ್ಟಿಕೊಂಡೇ ಹತ್ತಬೇಕು. ಎಡಗಡೆಯ ಕೊರತೆಗಳು ಪಾಲಯ್ಯನ ಕಣ್ಣಿಗೆ ಬೀಳಲೇ ಇಲ್ಲ. ನಾನಾದರೂ ಏಕೆ ಮರುಗಲಿ? ಅವಳ ಉರಿ ನನಗೆ ಹಬ್ಬವಾಗಿತ್ತು. ಕಾರುಗಳನ್ನು ನೋಡಿ ಕರುಬುತ್ತ ಬೆಳೆದ ನನ್ನನ್ನು ನೋಡಿ ಕರುಬುವವರೂ ಇದ್ದಾರಲ್ಲ ಎಂದು ಬೀಗುತ್ತಿದ್ದೆ.

ಹಬ್ಬ ಮುಗಿಯಿತು. ಸಾಹೇಬರಿಗೆ ಎಸಿ ಇರುವ ಹೊಸ ಗಾಡಿಯೇ ಬೇಕು, ಇಲ್ಲದಿದ್ದರೆ ಬೇರೆಯವರ ಗಾಡಿ ಬಾಡಿಗೆಗೆ ಹಿಡಿಯುತ್ತೇವೆ ಎಂದು ಗಾಳಿಯಂತ್ರದ ಕಂಪನಿಯವರು ಹೇಳಿದರು. ಪಾಲಯ್ಯ ಬಿಳಿಯ ಗಾಡಿಯೊಂದನ್ನು ತಂದ. ನನ್ನನ್ನು ಚಪ್ಪರದ ಪಕ್ಕದಿಂದ ತೆಗೆದು ಬೇವಿನ ಮರದಡಿ ನಿಲ್ಲಿಸಿದ. ನನ್ನ ಜಾಗದಲ್ಲಿ ಅದು ನಿಂತಿತು. ಅದರ ಬಾಗಿಲು ‘ದಪ್’ ಎಂದಾಗಲೆಲ್ಲ ನನ್ನ ರೇಡಿಯೇಟರಿನಲ್ಲಿ ನೀರು ಕುದಿಯುವಂತೆ ಆಗುತ್ತಿತ್ತು. ಎಂಜಿನ್ನು ಮಾತ್ರ ತಣ್ಣಗಿತ್ತು.

ಅದಕ್ಕೂ ಕೊರತೆಗಳಿದ್ದವು. ಲೋಟ ಇಡಲು ಮಾಡಿದ ಗುಂಡಿಯಲ್ಲಿ ನಮ್ಮ ಸ್ಟೀಲ್ ಲೋಟ ಇಟ್ಟರೆ ಕುತ್ತಿಗೆಯವರೆಗೆ ಹೂತುಹೋಗಿ ಬೆರಳಿಗೆ ಸಿಗುತ್ತಿರಲಿಲ್ಲ. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟರೂ ಮನುಷ್ಯ ಕೂತನೆಂದು ತಿಳಿದು, ಬೆಲ್ಟ್ ಹಾಕು ಎಂದು ಕೀರಲು ದನಿ ತೆಗೆಯುತ್ತಿತ್ತು. ಮುಂದಿದ್ದ ದೊಡ್ಡ ಪರದೆ ಬಿಸಿಲಿಗೆ ಕನ್ನಡಿಯಾಗಿ ಪಾಲಯ್ಯನ ಮೀಸೆಯನ್ನೇ ತೋರಿಸುತ್ತಿತ್ತು. ನನಗಾಗಿದ್ದರೆ ಎಷ್ಟು ಬೈಗುಳ! ಅದಕ್ಕೆ ಮಾತ್ರ, “ಹೊಸದಲ್ವಾ, ನಮಗೇ ರೂಢಿ ಆಗ್ಬೇಕು” ಎನ್ನುತ್ತಿದ್ದ. ಈ ಮಾತು ನನ್ನನ್ನು ಸುಟ್ಟಷ್ಟು ಚಿತ್ರದುರ್ಗದ ಬಿಸಿಲೂ ಸುಡಲಿಲ್ಲ.

ಒಂದು ದಿನ ಮಾರಕ್ಕ ಕೊಳಗ ಹಿಡಿದು ಬಂದಾಗ ಅವನು ಅಡ್ಡ ನಿಂತ.

“ಬ್ಯಾಡ ಬ್ಯಾಡ. ಸಾರು ಚೆಲ್ಲಿದ್ರೆ ಈ ಸೀಟಿನ ವಾಸ್ನೆ ಹೋಗಲ್ಲ. ಸಾಹೇಬ್ರು ಏನಂತಾರೆ?”

“ಸಾಹೇಬ್ರು ತಿನ್ನೋದೂ ಇದೇ ಸಾರು.”

“ತಿನ್ನೋದು ಬ್ಯಾರೆ, ಮೂಸೋದು ಬ್ಯಾರೆ. ಯಾರ್ದಾದ್ರೂ ಬೈಕ್‌ನಾಗೆ ಕಳಿಸು.”

ಬೈಕಿನಲ್ಲಿ ಹೋದ ಊಟ ತಡವಾಗಿ, ತಣ್ಣಗಾಗಿ, ಅರ್ಧ ಚೆಲ್ಲಿ ತಲುಪುತ್ತಿತ್ತು. ಕೆಲಸಗಾರರ ಮೇಸ್ತ್ರಿ ಒಂದು ಸಂಜೆ ಚಪ್ಪರದಲ್ಲಿ ಕೂತು ಕೈ ಹಿಸುಕಿಕೊಂಡ. “ಅಕ್ಕಾ, ನಿನ್ನ ಕೈ ಊಟಕ್ಕೆ ಹೆಸ್ರಿಡಂಗಿಲ್ಲ. ಆದ್ರೆ ಹುಡುಗ್ರು ಹಸ್ಕಂಡು ಕಂಬ ಹತ್ತಾಕಾಗಲ್ಲ. ಹಿಂಗೇ ಆದ್ರೆ ಬರೋ ಸೋಮ್ವಾರದಿಂದ ಹೈವೇ ಹೋಟ್ಲಿಗೆ ಹೇಳ್ತೀವಿ.”

ಮರುದಿನ ಬೆಳಿಗ್ಗೆ ಪಾಲಯ್ಯನ ಬಿಳಿ ಗಾಡಿ ಗುಡ್ಡ ಹತ್ತಿದ್ದೇ ತಡ, ಮಾರಕ್ಕ ಗೂಟದಲ್ಲಿದ್ದ ನನ್ನ ಕೀಲಿ ತೆಗೆದುಕೊಂಡು ಗ್ಯಾರೇಜಿನ ಬಾಷಾನನ್ನು ಕರೆತಂದಳು.

“ನಂಗೆ ಇದ್ನ ಓಡ್ಸೋದು ಕಲ್ಸು.”

“ಇದ್ನಾ? ಅಕ್ಕಾ, ಇದ್ರ ಕ್ಲಚ್ಚು ತುಳಿಯೋದಂದ್ರೆ ಎಮ್ಮೆ ಕಾಲು ಬಗ್ಗಿಸ್ದಂಗೆ.”

“ಎಮ್ಮೆ ಕಟ್ಟಿದೋಳೇ ನಾನು. ಕಲ್ಸು.”

ಅವಳ ಕಾಲು ಕ್ಲಚ್ಚಿಗೆ ಎಟುಕಲಿಲ್ಲ. ಒಳಗೆ ಹೋಗಿ ಕೌದಿ ತಂದು ಮಡಿಸಿ ಬೆನ್ನಿಗಿಟ್ಟಳು. ಅದು ಜಾರದಂತೆ ಹಳೆ ಸೀರೆಯ ಅಂಚಿನಿಂದ ಸೀಟಿಗೆ ಕಟ್ಟಿದಳು. ನನಗೆ ಮೈಯೆಲ್ಲ ಮುಳ್ಳಾಯಿತು. ಆ ಸೀಟಿನಲ್ಲಿ ಪಾಲಯ್ಯನ ಬೆನ್ನು ಮೂಡಿಸಿದ ಗುಳಿಯಿತ್ತು. ಅದರ ಮೇಲೆ ನನ್ನ ಸವತಿ ಬಂದು ಕೂತಿದ್ದಳು.

ನೀರಿಲ್ಲದ ಕೆರೆಯಂಗಳದಲ್ಲಿ ಕಲಿಕೆ ನಡೆಯಿತು. ಅವಳು ಗೇರನ್ನು ಕಿರ್ರೆನಿಸಿದಳು, ನಾನು ಕುಪ್ಪಳಿಸಿ ನಿಂತೆ. ಅವಳು ಬೈದಳು, ಮತ್ತೆ ಕೀಲಿ ತಿರುಗಿಸಿದಳು. ಬಾಷಾನಿಗೆ ಹೇಳಿ ಎಡಕ್ಕೂ ಬಲಕ್ಕೂ ಕಬ್ಬಿಣದ ಮೆಟ್ಟಿಲು ಬೆಸೆಸಿದಳು. ಎಡಸೀಟು ಕಿತ್ತುಹಾಕಿಸಿ ಅಲ್ಲಿ ಕೊಳಗ ಕೂರುವಂಥ ಕಬ್ಬಿಣದ ಬಳೆ ಇಡಿಸಿದಳು. ಹ್ಯಾಂಡ್‌ಬ್ರೇಕು ಎಟುಕದಿದ್ದಾಗ ಕೌದಿಗೆ ಇನ್ನೊಂದು ಮಡಿಕೆ ಹಾಕಿದಳು. ಎಷ್ಟೋ ವರ್ಷ ಎಡಗಡೆ ಕೂತು ಅವಳು ಇದನ್ನೆಲ್ಲ ನೋಡಿಟ್ಟುಕೊಂಡಿದ್ದಳೆಂದು ನನಗೆ ಆಗ ತಿಳಿಯಿತು.

ಸೋಮವಾರ ಬಿಸಿಲೇರುವಾಗ ನಾವು ಗುಡ್ಡ ಹತ್ತತೊಡಗಿದೆವು. ಅವಳ ಅಂಗೈ ಬೆವರಿನಿಂದ ಸ್ಟೇರಿಂಗು ಜಾರುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಅರ್ಧ ದಾರಿ ಹತ್ತಿದ್ದೆವೋ ಇಲ್ಲವೋ, ಮೇಲಿನ ತಿರುವಿನಿಂದ ಬಿಳಿ ಗಾಡಿ ಇಳಿದು ಬಂತು. ಒಳಗೆ ಇಬ್ಬರು ಇಂಜಿನಿಯರುಗಳಿದ್ದರು. ಪಾಲಯ್ಯ ಹಾರನ್ ಬಾರಿಸಿದ. ಹಸಿರು ಬಣ್ಣ ಕಂಡು ನನ್ನ ಗುರುತು ಹಿಡಿದ. ಆಮೇಲೆ ಒಳಗಿದ್ದವಳ ಗುರುತೂ ಹತ್ತಿತು.

ಬಾಗಿಲು ತೆರೆದು ಓಡಿಬಂದ. “ಏ ಇವಳೇ! ತಲೆಗಿಲೆ ಕೆಟ್ಟೈತಾ? ಇಳಿ ಕೆಳಗೆ. ನಾನು ಹಿಂದಕ್ಕೆ ತೆಗೀತೀನಿ.”

ಮಾರಕ್ಕ ಬಗ್ಗಿ ಹ್ಯಾಂಡ್‌ಬ್ರೇಕು ಎಳೆದಳು.

“ಹತ್ತೋ ಗಾಡಿಗೆ ಇಳಿಯೋ ಗಾಡಿ ದಾರಿ ಬಿಡ್ಬೇಕು. ಎಲ್ರಿಗೂ ಹೇಳೋನು ನೀನೇ. ಈಗ ನೀನೇ ಹಿಂದಕ್ಕೆ ಹೋಗು.”

“ಸಾಹೇಬ್ರು ಅವ್ರೆ ಕಣೇ ಒಳಗೆ!”

“ನನ್ನ ಗಾಡ್ಯಾಗೆ ಊಟ ಐತೆ.”

ನನ್ನ ಗಾಡಿ ಎಂದಳು. ಬಿಸಿ ಬಾನೆಟ್ಟಿನ ಮೇಲೆ ಯಾರೋ ತಣ್ಣೀರು ಚಿಮುಕಿಸಿದಂತಾಯಿತು ನನಗೆ.

ಇಂಜಿನಿಯರುಗಳಲ್ಲಿ ಹಿರಿಯವರು ಕಿಟಕಿಯಿಂದ ತಲೆ ಹಾಕಿ, “ಪಾಲಯ್ಯನವ್ರೇ, ಹಿಂದೆ ತಗೊಳ್ರಿ. ನಮಗೂ ಹಸಿವಾಗಿದೆ” ಎಂದರು.

ಪಾಲಯ್ಯ ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಹೊರಟ. ಬಿಳಿ ಗಾಡಿಯ ಹಿಂಗಾಜಿಗೆ ಸ್ಟೆಪ್ನಿ ಚಕ್ರವೇ ಅಡ್ಡ. ಹಿಂದಿನದನ್ನು ತೋರಿಸುವ ಕ್ಯಾಮೆರಾಕ್ಕೆ ಧೂಳು ಮೆತ್ತಿ ಪರದೆಯೆಲ್ಲ ಮಂಜು. ಬಂಡೆ ಹತ್ತಿರವಿದೆಯೆಂದು ಅದು ಒಂದೇ ಸಮನೆ ಕಿರುಚುತ್ತಿತ್ತು, ಯಾವ ಕಡೆಯ ಬಂಡೆ ಎಂದು ಹೇಳುತ್ತಿರಲಿಲ್ಲ. ಒಂದು ಚಕ್ರ ಇಳಿಜಾರಿನ ಅಂಚಿಗೆ ಬಂದು ಸಣ್ಣ ಕಲ್ಲುಗಳು ಕೆಳಕ್ಕೆ ಉರುಳಿದವು. ಉರುಳಲಿ, ಹೋಗಲಿ, ನನ್ನ ಪೀಡೆ ತೊಲಗಲಿ ಎಂದು ಒಂದು ಕ್ಷಣ ಬಯಸಿದೆ. ಒಳಗೆ ಪಾಲಯ್ಯನಿದ್ದಾನೆಂಬುದನ್ನೂ ಮರೆತಿದ್ದೆ. ಅಷ್ಟು ಕುರುಡು ನನ್ನ ಉರಿ.

ಮಾರಕ್ಕ ಮರೆತಿರಲಿಲ್ಲ. “ನಿಲ್ಸು!” ಎಂದು ಕೂಗಿ ಇಳಿದಳು. ನನ್ನ ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಬಂಡೆಯ ಮಗ್ಗುಲಿನಿಂದ ನುಸುಳಿ ಬಿಳಿ ಗಾಡಿಯ ಮೇಲ್ಗಡೆ ಹೋಗಿ, ಅವನ ಪಕ್ಕದ ಕನ್ನಡಿಯಲ್ಲಿ ತಾನು ಕಾಣುವಂತೆ ನಿಂತಳು.

“ನನ್ನ ಕೈ ನೋಡು. ಬಂಡೆ ಕಡೀಕೆ ತಿರುಗ್ಸು... ಬಾ, ಬಾ... ಸಾಕು. ಈಗ ನೇರ ಬಾ.”

ಅವನು ಅವಳ ಕೈ ಆಡಿದಂತೆ ಬಂದ. ಅಗಲದ ಜಾಗ ಸಿಕ್ಕಿ ಗಾಡಿ ಪಕ್ಕಕ್ಕೆ ನಿಂತಾಗ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಮಾರಕ್ಕ ಬಂದು, ಕಲ್ಲು ತೆಗೆದು, ನನ್ನನ್ನು ಹತ್ತಿಸಿಕೊಂಡು ಹೋದಳು. ಅಂದು ಮೇಲಿನವರು ಹೊಗೆಯಾಡುವ ಮುದ್ದೆ ತಿಂದರು. ಹೈವೇ ಹೋಟೆಲಿನ ಮಾತನ್ನು ಮೇಸ್ತ್ರಿ ಮತ್ತೆ ಎತ್ತಲಿಲ್ಲ.

ಸಂಜೆ ಪಾಲಯ್ಯ ನನ್ನ ಬಳಿ ಬಂದ. ಇದಕ್ಕಾಗಿ ಎಷ್ಟು ಕಾದಿದ್ದೆ! ಮೆಟ್ಟಿಲು ಎಡವಿ ಒಳಗೆ ಹತ್ತಿದ. ಕೌದಿ ಅವನನ್ನು ಮುಂದಕ್ಕೆ ನೂಕಿತು, ಮೊಣಕಾಲುಗಳು ಸ್ಟೇರಿಂಗಿಗೆ ಸಿಕ್ಕಿಕೊಂಡವು. ಗಂಟು ಬಿಚ್ಚಲು ಕೈ ಹಾಕಿದ. ಅಷ್ಟರಲ್ಲಿ ಚಪ್ಪರದಲ್ಲಿ ಮೇಸ್ತ್ರಿ, “ಅಕ್ಕ ಹತ್ತಿಸ್ದಂಗೆ ಗುಡ್ಡ ಯಾರೂ ಹತ್ತಿಸಂಗಿಲ್ಲ ಬಿಡ್ರಿ” ಎನ್ನುತ್ತಿದ್ದುದು ಕೇಳಿಸಿತು. ಪಾಲಯ್ಯನ ಕೈ ಗಂಟಿನ ಮೇಲೇ ನಿಂತಿತು. ಆ ಮುಖ ನನಗೆ ಚೆನ್ನಾಗಿ ಗೊತ್ತು. ಬೇವಿನ ಮರದಡಿ ನಿಂತು ನಾನು ಬಿಳಿ ಗಾಡಿಯನ್ನು ನೋಡುತ್ತಿದ್ದುದು ಹೀಗೆಯೇ. ಅವನು ಗಂಟು ಬಿಚ್ಚದೆ ಇಳಿದು ಹೋದ. ಮರುದಿನ ಬಚ್ಚಲಿಗೆ ಹೊಸ ಬಾಗಿಲು ಬಂತು.

ಆಮೇಲೆ ಬಹಳ ವರ್ಷ ನಾನು ಮಾರಕ್ಕನ ಗಾಡಿಯಾಗಿ ಗುಡ್ಡ ಹತ್ತಿದೆ. ಅವಳನ್ನು ಸವತಿ ಎನ್ನುವುದನ್ನು ಯಾವಾಗ ಬಿಟ್ಟೆನೋ ನನಗೇ ತಿಳಿಯದು. ಬಿಳಿ ಗಾಡಿಯ ಮೇಲಿನ ಉರಿಯನ್ನು ಮಾತ್ರ, ಅದು ಮಾರಾಟವಾಗಿ ಹೋದ ದಿನದವರೆಗೂ ಬಿಡಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಎಂಜಿನ್ನು ತೆಗೆದಿದ್ದಾರೆ, ತಳ ತುಕ್ಕು ಹಿಡಿದಿದೆ. ಗುಜರಿಯವನು ಬಂದಾಗಲೆಲ್ಲ ಮಾರಕ್ಕ ಅವನನ್ನು ಬೈದು ಓಡಿಸುತ್ತಾಳೆ. ಅವಳ ಬಳಿ ಒಂದು ಸಣ್ಣ ವ್ಯಾನಿದೆ. ಹಟ್ಟಿಯ ಹೆಂಗಸರು ಕಲಿಯಲು ಬಂದರೆ ಮೊದಲು ನನ್ನಲ್ಲಿ ಕೂರಿಸಿ ಗೇರು, ಕ್ಲಚ್ಚು ರೂಢಿ ಮಾಡಿಸುತ್ತಾಳೆ. ಕೈ ಕುದುರಿದ ಕೂಡಲೇ ಅವರು ನನ್ನಿಂದಿಳಿದು ವ್ಯಾನಿಗೆ ಓಡುತ್ತಾರೆ. ಅದರ ಮೇಲೂ ನನಗೆ ಹೊಟ್ಟೆಕಿಚ್ಚೇ, ಮುಚ್ಚಿಡುವುದೇಕೆ?

ಮಧ್ಯಾಹ್ನದ ಹೊತ್ತು ಪಾಲಯ್ಯ ಬಂದು ನನ್ನೊಳಗೆ ಕಾಲು ಮಡಚಿ ಕೂರುತ್ತಾನೆ. ಅವನು ಡ್ರೈವಿಂಗ್ ಬಿಟ್ಟಿದ್ದಾನೆ, ಕಣ್ಣು ಮಂಜಾಗಿದೆ. ಒಂದು ಕಾಲದಲ್ಲಿ ಈ ಮನುಷ್ಯ ನನ್ನ ಬಳಿಯೇ ಇರಲೆಂದು ಎಷ್ಟು ಹಂಬಲಿಸಿದ್ದೆ. ಈಗ ಇಡೀ ಮಧ್ಯಾಹ್ನ ನನ್ನವನೇ. ಆದರೆ ಗುಡ್ಡದ ಕಡೆ ಧೂಳೆದ್ದು ಮಾರಕ್ಕನ ವ್ಯಾನು ಮೇಲಕ್ಕೆ ಹೊರಟಾಗ, ಇಬ್ಬರೂ ಅತ್ತಲೇ ನೋಡುತ್ತೇವೆ.

“ಹೋದ್ಲು ನೋಡು” ಎನ್ನುತ್ತಾನೆ ಪಾಲಯ್ಯ, ನನ್ನ ಬಾಗಿಲು ತಟ್ಟಿ, “ನಮ್ಮಿಬ್ರನ್ನೂ ಬಿಟ್ಟು.”