ಸುಡದ ಕೈ

ಗೋಕಾಕದ ಹಳೇ ಪೇಟೆಯ ಹಿಂದಿನ ಸಂದಿಯಲ್ಲಿ ಕರದಂಟು ಮಿಠಾಯಿ ಮಾಡುವ ಕಾಸೀಮಸಾಬನ ಕೈ ಅಂದರೆ ದೊಡ್ಡ ಹೆಸರು. ಕರದಂಟಿಗೆ ಬೆಲ್ಲದ ಪಾಕ ಬಂತೋ ಇಲ್ಲವೋ ನೋಡಲು ಉಳಿದವರು ತಾಟಿನ ನೀರಿಗೆ ಒಂದು ಹನಿ ಬಿಡುತ್ತಾರೆ. ಈತ ಹಾಗಲ್ಲ, ಸೌಟಿನ ಬಿಸಿ ಪಾಕವನ್ನೇ ಎರಡು ಬೆರಳಲ್ಲಿ ಹಿಡಿದು ಎಳೆ ನೋಡುತ್ತಿದ್ದ. "ಸಾಬರ ಕೈ ಸುಡೂದಿಲ್ಲ, ದೇವರ ದೇಣಗಿ" ಎಂದು ಮಂದಿ ಹೊಗಳುವರು. ಹೆಂಡತಿ ಬಿಬಿಜಾನಳಿಗಂತೂ ಆ ಕೈ ಮೇಲೆ ಎಲ್ಲಿಲ್ಲದ ಹೆಮ್ಮೆ.

ಅದೇ ಸಂದಿಯ ತುದಿಯಲ್ಲಿ ಶಿವವ್ವ ಎಂಬ ಒಂಟಿ ಮುದುಕಿ ಇದ್ದಳು. ಅವಳ ಕುಷ್ಠರೋಗ ಗುಣವಾಗಿತ್ತು, ಆದರೆ ಕಾಲ್ಬೆರಳು ಹೋಗಿ ಹುಣ್ಣು ಉಳಿದಿತ್ತು. ಚರ್ಚಿನ ಸುಮನ್ ಅಕ್ಕ ಪ್ರತಿ ಗುರುವಾರ ಬೋಗುಣಿ ಹಿಡಿದು ಬಂದು ಆ ಕಾಲು ತೊಳೆದು ಪಟ್ಟಿ ಕಟ್ಟುವಳು. ಬರಲು ಶುರು ಮಾಡಿದಾಗ ಅಕ್ಕನ ಕೂದಲು ಕಪ್ಪಗಿದ್ದವು, ಈಗ ಬೆಳ್ಳಗಾಗಿವೆ. ಹೊಳೆ ನೀರು ಓಣಿಗೆ ನುಗ್ಗಿದ ವರ್ಷ ಸಂದಿಯವರಿಗೆಲ್ಲ ಚರ್ಚಿನಲ್ಲೇ ಊಟ, ನಿದ್ದೆ. ಆದರೂ ಬಿಬಿಜಾನಳ ಅನುಮಾನ ಹೋಗಿರಲಿಲ್ಲ.

"ಪುಕ್ಕಟೆ ಯಾರ ಮಾಡ್ತಾರ? ಒಂದಿನ ಮತ ಬದಲಿಸ್ರಿ ಅಂತಾಳ ನೋಡ" ಎನ್ನುವಳು. ಶಿವವ್ವನ ಕಾಲು ಮುಟ್ಟಿದ ಕೈಗೆ ಒಂದು ಕಪ್ ಚಹಾ ಕೊಟ್ಟವಳಲ್ಲ.

ಒಂದು ಗುರುವಾರ ಸುಮನ್ ಅಕ್ಕ ಇವರ ಬಾಗಿಲಲ್ಲೇ ನಿಂತಳು.

"ಸಾಬ್ರ, ಬೆರಳಿಗೆ ಇಷ್ಟ ದೊಡ್ಡ ಬೊಬ್ಬಿ ಎದ್ದೈತಿ, ಉರಿಯಾಕತ್ತಿಲ್ಲೇನ್ರಿ?"

"ನನ್ನ ಕೈಗೆ ಬೆಂಕಿನೂ ಅಂಜತೈತ್ರಿ" ಎಂದು ಕಾಸೀಮಸಾಬ ನಕ್ಕ.

ಅಕ್ಕ ನಗಲಿಲ್ಲ. ಅವನ ತೋಳು ಮೇಲೆ ಸರಿಸಲು ಹೇಳಿದಳು. ಮೊಣಕೈ ಹತ್ತಿರ ಬಣ್ಣಗೆಟ್ಟ ಮಚ್ಚೆಯೊಂದು ಕಂಡಿತು. ಚೀಲದಿಂದ ಅರಳೆ ತೆಗೆದು ಬತ್ತಿಯಂತೆ ಹೊಸೆದಳು.

"ಕಣ್ಣ ಮುಚ್ರಿ. ಮುಟ್ಟಿದ ಕೂಡ್ಲೆ ಹೇಳ್ರಿ."

ಅರಳೆ ಮಚ್ಚೆಯ ಮೇಲೆ ಆಡಿತು. ಕಾಸೀಮಸಾಬ ಕಣ್ಣು ಮುಚ್ಚಿ ಕುಳಿತೇ ಇದ್ದ.

"ಮುಟ್ರಿ ಅಕ್ಕಾರ, ಎಷ್ಟೊತ್ತ ಕಾಯಲಿ?"

ಬಿಬಿಜಾನ ಮುಂದಕ್ಕೆ ಬಾಗಿದಳು. ಅರಳೆ ಗಂಡನ ತೊಗಲ ಮೇಲೇ ಇರುವುದನ್ನು ಅವಳು ಕಣ್ಣಾರೆ ನೋಡುತ್ತಿದ್ದಳು.

"ಇದು ದೇಣಗಿ ಅಲ್ರಿ. ಕುಷ್ಠರೋಗದ ಗುರುತು ಇರಬಹುದು, ದವಾಖಾನಿಗೆ ತೋರಸೂಣು" ಎಂದಳು ಅಕ್ಕ.

"ನಮ್ಮ ಮನಿತನದಾಗ ಯಾರಿಗೂ ಇಲ್ಲದ್ದು ಎಲ್ಲಿಂದ ಬಂತ್ರಿ?" ಬಿಬಿಜಾನ ಸಿಡಿದಳು. "ಮಂದಿಗೆ ಗೊತ್ತಾದ್ರ ನಮ್ಮ ಕರದಂಟ ಯಾರ ಮುಟ್ಟತಾರ? ಮುಚ್ಚಿಡೂದ ಚಲೋ."

ಗದ್ದಲ ಕೇಳಿ ಕೋಲೂರುತ್ತ ಬಂದ ಶಿವವ್ವ ತನ್ನ ಪಟ್ಟಿ ಕಟ್ಟಿದ ಕಾಲು ಮುಂದೆ ಚಾಚಿದಳು.

"ನಾನೂ ಮುಚ್ಚೇ ಇಟ್ಟಿದ್ದೆ ತಂಗಿ. ತಡಾ ಮಾಡಿ ಗುಳಿಗಿ ತಗೊಂಡೆ. ರೋಗ ಹೋತು, ಹೋದ ಬೆರಳ ಬರಲಿಲ್ಲ. ನಿನ್ನ ಗಂಡಗ ಇನ್ನೂ ಹತ್ತೂ ಬೆರಳ ಅದಾವ."

ಮಾತು ನಾಟಿತು. ಮರುದಿನವೇ ಸುಮನ್ ಅಕ್ಕನ ಜೊತೆ ಗಂಡ ಹೆಂಡತಿ ಸರ್ಕಾರಿ ದವಾಖಾನೆಗೆ ಹೋದರು. ಅಕ್ಕನ ಅನುಮಾನ ಖರೆಯಾಯಿತು. ಡಾಕ್ಟರು ಬಿಬಿಜಾನಳ ಮೈಯನ್ನೂ ತಪಾಸಣೆ ಮಾಡಿಸಿ, ಅವಳಿಗೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಕಾಸೀಮಸಾಬನಿಗೆ ಪುಕ್ಕಟೆ ಗುಳಿಗೆ ಕೊಟ್ಟು ಹೇಳಿದರು: "ಇದು ಶಾಪ ಅಲ್ಲ, ಪಾಪನೂ ಅಲ್ಲ. ಗುಳಿಗಿ ಶುರು ಆದ್ರ ಇನ್ನೊಬ್ಬರಿಗೆ ಹಬ್ಬೂದಿಲ್ಲ. ಒಂದ ತಾಟಿನಾಗ ಉಣ್ರಿ. ಆದ್ರ ನಡುವ ಬಿಡಬ್ಯಾಡ್ರಿ."

ಗಾಯ ಮಾಯುವ ತನಕ ಕಾಸೀಮಸಾಬ ಕಡಾಯಿಯಿಂದ ದೂರ ಉಳಿದ. ಪ್ರತಿ ಗುರುವಾರ ಅಕ್ಕ ಗುಳಿಗೆ ವಿಚಾರಿಸಿಯೇ ಮುಂದೆ ಹೋಗುವಳು. ಔಷಧ ಪೂರ್ತಿ ಮುಗಿದ ದಿನ ಡಾಕ್ಟರು ಗುಣವಾಯಿತು ಎಂದರು. ಅಂದು ಬಿಬಿಜಾನ ತನ್ನ ಹಬ್ಬದ ಕಪ್ಪಿನಲ್ಲಿ ಚಹಾ ತಂದು ಅಕ್ಕನ ಕೈಗಿಟ್ಟಳು.

"ನಿಮ್ಮ ಉಪಕಾರ ಮರಿಯಂಗಿಲ್ರಿ ಅಕ್ಕಾರ. ಈಗ ಹೇಳ್ರಿ, ನಾವ್ ಏನ ಮಾಡಬೇಕ್ರಿ?"

"ನಿಮ್ಮ ನಮಾಜ ನಿಮಗಿರಲಿ. ನಮ್ಮ ಯೇಸುಸ್ವಾಮಿ ಶಿಷ್ಯರ ಕಾಲ ತೊಳದಾನ್ರಿ, ನನಗೂ ತೊಳಿ ಅಂದಾನ, ಅಷ್ಟ. ನೀವು ಮಾಡೂದ ಒಂದೈತಿ. ಈ ಚಹಾಕ್ಕ ಸಕ್ಕರಿ ಹಾಕ್ರಿ."

ಬಿಬಿಜಾನ ನಗುತ್ತಲೇ ಅತ್ತಳು. ಈಗ ಗುರುವಾರ ಶಿವವ್ವನ ಕಾಲು ತೊಳೆಯುವ ನೀರು ಅವಳ ಒಲೆಯ ಮೇಲೇ ಕಾಯುತ್ತದೆ. ಕಾಸೀಮಸಾಬ ತಾಟಿನ ನೀರಿಗೆ ಹನಿ ಬಿಟ್ಟು ಪಾಕ ನೋಡುತ್ತಾನೆ. "ದೇಣಗಿ ಎಲ್ಲಿ ಹೋತ್ರಿ ಸಾಬ್ರ?" ಎಂದು ಕೆಣಕಿದವರಿಗೆ ಹತ್ತೂ ಬೆರಳು ಎತ್ತಿ ತೋರಿಸುತ್ತಾನೆ.

ಅಕ್ಕ, ಅಣ್ಣ, ಇವತ್ತೇ ನಿಮ್ಮ ಮೈ ನೋಡಿಕೊಳ್ಳಿ, ಮನೆಯವರದ್ದೂ ನೋಡಿ. ಬಣ್ಣಗೆಟ್ಟ, ಮುಟ್ಟಿದರೂ ಗೊತ್ತಾಗದ ಮಚ್ಚೆ ಇದ್ದರೆ ಆಶಾ ಕಾರ್ಯಕರ್ತೆಗೆ ಹೇಳಿ, ಸರ್ಕಾರಿ ದವಾಖಾನೆಗೆ ಹೋಗಿ. ಸುಡಬೇಕಾದ ಕೈ ಸುಡದಿದ್ದರೆ ಹಿಗ್ಗಬೇಡಿ. ಬೆರಳು ಇರುವಾಗಲೇ ತೋರಿಸಿ.